ಬಾಡಿಗೆ ಕೇಕೆ

ಇಂಗ್ಲೆಂಡಿನ ಫುಟ್‌ಬಾಲ್ ಅಭಿಮಾನಿಗೆ ಎದುರಾಳಿ ತಂಡದ ಮೇಲೆ ಸಿಟ್ಟಿರುವುದು ವಾರಕ್ಕೆ ತೊಂಬತ್ತು ನಿಮಿಷ ಮಾತ್ರ. ಉಳಿದ ಹೊತ್ತೆಲ್ಲ ಅವನ ಸಿಟ್ಟು ತನ್ನದೇ ಕ್ರೀಡಾಂಗಣದ ಮೈಕಿನವನ ಮೇಲೆ. ಆಟ ಶುರುವಾಗುವ ಮುಂಚೆ ‘ಎಲ್ಲರೂ ಜೋರಾಗಿ ಕೂಗಿ’ ಎಂದು ಹುರಿದುಂಬಿಸುವವನು, ಗೋಲು ಬಿದ್ದ ಮರುಕ್ಷಣವೇ ಡಬ್ ಡಬ್ ಎಂದು ಹಾಡು ಹಾಕುವವನು, ಒಂದೊಂದು ಕುರ್ಚಿಯ ಮೇಲೂ ರಟ್ಟಿನ ಬೀಸಣಿಗೆ ಇಟ್ಟು ಹೋಗುವವನು, ಇವರೆಲ್ಲ ಸೇರಿ ತನ್ನ ಗಂಟಲನ್ನು ಕಸಿದುಕೊಂಡರು ಎಂಬುದು ಅವನ ದೂರು.

ಈ ದೂರು ನನ್ನ ಕಿವಿಗೆ ಬಿದ್ದದ್ದು ತಂಗಿಯ ಮಗನಿಂದ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ಹುಡುಗ. ಊರಲ್ಲಿದ್ದಾಗ ಬಾಯಲ್ಲಿ ಬೆರಳಿಟ್ಟರೆ ಕಚ್ಚಲೂ ಬಾರದವನು, ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋಗಿ ಒಂದು ಕ್ಲಬ್ಬಿನ ಸೀಸನ್ ಟಿಕೆಟ್ ಕೊಂಡದ್ದೇ ತಡ, ಗೊಣಗುವುದರಲ್ಲಿ ಅಲ್ಲಿಯವರನ್ನೇ ಮೀರಿಸಿಬಿಟ್ಟ. ಯಾವ ಕ್ಲಬ್ಬು ಎಂದು ನಾನು ಹೇಳುವಂತಿಲ್ಲ. ಅದರ ಸ್ಥಿತಿ ನೋಡಿದರೆ ಅವನೂ ಹೇಳಿಕೊಳ್ಳುವುದು ಕಡಿಮೆ. ಒಂದು ಶನಿವಾರ ರಾತ್ರಿ ಫೋನ್ ಮಾಡಿ, “ಮಾವ, ಇವತ್ತು ಮತ್ತೆ ಕ್ಲ್ಯಾಪರ್ ಇಟ್ಟಿದ್ರು” ಎಂದ. ಆ ದನಿ ಕೇಳಿ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾದೆ.

ಕ್ಲ್ಯಾಪರ್ ಎಂದರೆ ಉದ್ದನೆಯ ರಟ್ಟು. ಮಡಿಕೆ ಮಡಿಕೆಯಾಗಿ ಮಡಚಿ, ಒಂದು ತುದಿ ಹಿಡಿದು ಅಂಗೈಗೆ ಬಡಿದರೆ ಪಟಪಟ ಸದ್ದು ಬರುತ್ತದೆ. ದೇವರು ಕೊಟ್ಟ ಎರಡು ಕೈ ಇರುವಾಗ ರಟ್ಟೇಕೆ ಎಂದು ನಾವು ಕೇಳಬಹುದು. ಕ್ಲಬ್ಬಿನವರಿಗೆ ಆ ಎರಡು ಕೈಗಳ ಮೇಲೆ ನಂಬಿಕೆ ಹೊರಟುಹೋಗಿದೆ.

“ಅದರಿಂದ ನಿನಗೇನೋ ನಷ್ಟ?” ಎಂದೆ.

“ಚಪ್ಪಾಳೆ ತಟ್ಟಬೇಕೋ ಬೇಡವೋ ಅಂತ ತೀರ್ಮಾನ ಮಾಡೋನು ನಾನು ಮಾವ. ನಮ್ಮ ಡಿಫೆಂಡರ್‌ಗಳು ನಾಲ್ಕೂ ಜನ ನಿದ್ದೆ ಹೊಡೀತಿದ್ರೆ ನಾನ್ಯಾಕೆ ರಟ್ಟು ಬಡೀಲಿ?”

“ಮತ್ತೆ ಏನು ಮಾಡ್ದೆ ಅದನ್ನ?”

“ವಿಮಾನ ಮಾಡಿ ಬಿಟ್ಟೆ.”

ಇದು ಇವನೊಬ್ಬನ ಕಿಡಿಗೇಡಿತನವಲ್ಲ, ಅಲ್ಲಿಯ ಸಂಪ್ರದಾಯವೇ. 2014ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ಮತ್ತು ಪೆರು ಆಡುತ್ತಿದ್ದಾಗ, ಎಲ್ಲರೂ ಒಟ್ಟಿಗೆ ಎತ್ತಿ ಹಿಡಿದು ಬಣ್ಣದ ಚಿತ್ತಾರ ಮೂಡಿಸಲಿ ಎಂದು ಪ್ರೇಕ್ಷಕರಿಗೆ ರಟ್ಟಿನ ಹಾಳೆ ಕೊಟ್ಟಿದ್ದರು. ಆಟ ಸಪ್ಪೆಯಾಗಿತ್ತು. ಮೇಲಂತಸ್ತಿನಿಂದ ಯಾರೋ ಹಾಳೆಯನ್ನು ವಿಮಾನ ಮಾಡಿ ಬಿಟ್ಟ. ಅದು ತೇಲಿಕೊಂಡು ತೇಲಿಕೊಂಡು ಬಂದು ಪೆರುವಿನ ಆಟಗಾರನೊಬ್ಬನಿಗೇ ಬಡಿಯಿತು. ಗ್ಯಾಲರಿಗೆ ಗ್ಯಾಲರಿಯೇ ಹೋ ಎಂದು ಎದ್ದಿತು. ಉತ್ಸಾಹ ತುಂಬಲೆಂದು ಹಂಚಿದ ರಟ್ಟು ಕೊನೆಗೂ ಉತ್ಸಾಹ ತುಂಬಿತು. ಹಂಚಿದವರು ಎಣಿಸಿದ ದಾರಿಯಲ್ಲಿ ಮಾತ್ರ ಅಲ್ಲ.

ರಟ್ಟಿನ ಪಕ್ಷದವರಿಗೂ ಒಂದು ದೊಡ್ಡ ಪ್ರಮಾಣ ಇದೆ. ಲೆಸ್ಟರ್ ಸಿಟಿ. 2015–16ರ ಋತುವಿನಲ್ಲಿ ಬಾಜಿ ಕಟ್ಟಿಸಿಕೊಳ್ಳುವವರು ಐದು ಸಾವಿರಕ್ಕೆ ಒಂದು ಎಂದು ತಳ್ಳಿಹಾಕಿದ್ದ ಆ ತಂಡ ಪ್ರೀಮಿಯರ್ ಲೀಗ್ ಗೆದ್ದಿತಲ್ಲ, ಆಗ ಅವರ ಕ್ರೀಡಾಂಗಣದ ಕುರ್ಚಿಗಳ ಮೇಲೆ ತಪ್ಪದೆ ಕ್ಲ್ಯಾಪರ್ ಇರುತ್ತಿತ್ತು. ಇದನ್ನು ಹುಡುಗನ ಮುಂದಿಟ್ಟೆ. “ಅದು ರಟ್ಟಿಂದ ಗೆದ್ದಿದ್ದಲ್ಲ ಮಾವ, ಅವರ ಆಟಗಾರ ಕಾಂಟೆಯಿಂದ” ಎಂದು ಫೋನಿಟ್ಟ.

ಗೋಲಿನ ಹಾಡಿನ ಕತೆ ಇನ್ನೂ ಚೆನ್ನಾಗಿದೆ. ಬಯರ್ನ್ ಮ್ಯೂನಿಕ್‌ನವರು ತವರಿನಲ್ಲಿ ಗೋಲು ಹೊಡೆದರೆ ಕ್ಯಾನ್‌ಕ್ಯಾನ್ ಕುಣಿತದ ರಾಗ ಮೊಳಗುತ್ತದೆ. ಜರ್ಮನ್ನರು ಅದನ್ನು ಹೇಗೋ ಸಹಿಸಿಕೊಂಡಿದ್ದಾರೆ. ಇಂಗ್ಲೆಂಡಿನ ಹಳಬರಿಗೆ ಮಾತ್ರ ಗೋಲಿನ ಹಾಡೆಂದರೆ ಮೈಯೆಲ್ಲ ಉರಿ. ಗೋಲು ಬಿದ್ದಾಗ ಮನುಷ್ಯನ ಬಾಯಿಂದ ಹೊರಡುವ ಸದ್ದಿಗೆ ಅರ್ಥವೂ ಇಲ್ಲ, ರಾಗವೂ ಇಲ್ಲ. ಪಕ್ಕದ ಅಪರಿಚಿತನ ಕುತ್ತಿಗೆಗೆ ಜೋತುಬಿದ್ದು ಹೊರಡಿಸುವ ಆ ಸದ್ದಿಗಾಗಿಯೇ ಅವರು ಟಿಕೆಟ್ಟಿಗೆ ಅಷ್ಟು ದುಡ್ಡು ಸುರಿಯುವುದು. ಅದು ಗಂಟಲಿನಿಂದ ಈಚೆ ಬರುವ ಮುಂಚೆಯೇ ಸ್ಪೀಕರು ಮೇಲೆ ಬಿದ್ದು ನುಂಗಿಬಿಡುತ್ತದೆ. 2019ರಲ್ಲಿ ಪ್ರೀಮಿಯರ್ ಲೀಗಿಗೆ ವಿಡಿಯೊ ನೋಡಿ ತೀರ್ಪು ತಿದ್ದುವ ವಿಎಆರ್ ಬಂದ ಮೇಲಂತೂ ಹಾಡು ಹಾಕುವವನ ಪಾಡು ನೋಡಲಾಗದು. ಹಾಡು ಹಾಕಿ, ಜನ ಕುಣಿದು, ಆಟಗಾರರು ಮೂಲೆ ಬಾವುಟದ ಹತ್ತಿರ ಮಂಡಿಯ ಮೇಲೆ ಜಾರಿ ಎಲ್ಲ ಮುಗಿದ ಮೇಲೆ, ಯಾರದೋ ಕಂಕುಳು ಆಫ್‌ಸೈಡಿನಲ್ಲಿತ್ತೆಂದು ಗೋಲು ರದ್ದಾಗುತ್ತದೆ. ಹಾಕಿದ ಹಾಡನ್ನು ವಾಪಸು ತೆಗೆದುಕೊಳ್ಳುವ ಗುಂಡಿಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಇಷ್ಟೆಲ್ಲ ಹುರಿದುಂಬಿಸುವ ಗತಿ ಏಕೆ ಬಂತು? ಅದಕ್ಕೊಂದು ನಗಲಾಗದ ಕಾರಣವಿದೆ. 1989ರ ಹಿಲ್ಸ್‌ಬರೋ ದುರಂತದಲ್ಲಿ ನೂಕುನುಗ್ಗಲಿಗೆ ಸಿಕ್ಕಿ 97 ಮಂದಿ ಲಿವರ್‌ಪೂಲ್ ಅಭಿಮಾನಿಗಳು ಜೀವ ಕಳೆದುಕೊಂಡರು. ಮರುವರ್ಷ ಬಂದ ಟೇಲರ್ ವರದಿಯ ನಂತರ ಮೇಲ್ದರ್ಜೆಯ ಕ್ಲಬ್ಬುಗಳೆಲ್ಲ ನಿಂತು ನೋಡುವ ಮೆಟ್ಟಿಲುಗಳನ್ನು ಕಿತ್ತು ಕುರ್ಚಿ ಹಾಕಿದವು. ಆಗಬೇಕಾದ್ದೇ. ಆದರೆ ಕುರ್ಚಿಯ ಹಿಂದೆಯೇ ಕುರ್ಚಿಯ ಬೆಲೆಯೂ ಬಂತು. ಭುಜಕ್ಕೆ ಭುಜ ತಾಗಿಸಿ ನಿಂತು ಹಾಡುತ್ತಿದ್ದ ಹುಡುಗರಿಗೆ ಅದು ಕೈಗೆಟುಕದೆ ಹೋಗಿ, ಕಾಲಮೇಲೆ ಕಾಲು ಹಾಕಿ ನೋಡುವ ಸಭ್ಯರು ಬಂದು ಕೂತರು. ಆರ್ಸೆನಲ್‌ನವರ ಹಳೆಯ ಹೈಬರಿಯನ್ನಂತೂ ಎದುರಾಳಿಗಳು ‘ಗ್ರಂಥಾಲಯ’ ಎಂದೇ ಛೇಡಿಸುತ್ತಿದ್ದರು. 2000ದ ನವೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ನಾಯಕ ರಾಯ್ ಕೀನ್, ತಮ್ಮದೇ ಪ್ರೇಕ್ಷಕರಲ್ಲಿ ಕೆಲವರು ಸಿಗಡಿ ಸ್ಯಾಂಡ್‌ವಿಚ್ ತಿನ್ನಲು ಬರುತ್ತಾರೆಯೇ ಹೊರತು ಆಟ ನೋಡಲು ಅಲ್ಲ ಎಂಬರ್ಥದ ಮಾತಾಡಿ ಝಾಡಿಸಿದ. ಅಂದಿನಿಂದ ಪಾಪದ ಸಿಗಡಿ ಇಂಗ್ಲಿಷ್ ಫುಟ್‌ಬಾಲಿನಲ್ಲಿ ಬೈಗುಳವಾಗಿ ಉಳಿದಿದೆ. ಮಂಗಳೂರಿನವರು ಇದಕ್ಕೆ ಪ್ರತಿಭಟನೆ ಸಲ್ಲಿಸಬಹುದು.

ಕೃತಕ ಕೂಗಿನ ನಿಜವಾದ ಸುಗ್ಗಿ ಬಂದದ್ದು ಕೊರೊನಾ ಕಾಲದಲ್ಲಿ. 2020ರ ಮೇ ತಿಂಗಳಲ್ಲಿ ಜರ್ಮನಿಯವರು ಖಾಲಿ ಕ್ರೀಡಾಂಗಣದಲ್ಲಿ ಆಟ ಶುರುಮಾಡಿದರು. ಚೆಂಡಿಗೆ ಒದ್ದರೆ ಧಪ್ ಎಂಬ ಸದ್ದು ಮೂರು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಕೋಚುಗಳು ಆಟಗಾರರನ್ನು ಏನೇನೆಂದು ಕರೆಯುತ್ತಾರೆ ಎಂಬುದು ಮೊದಲ ಬಾರಿ ಜಗತ್ತಿಗೆ ತಿಳಿಯಿತು. ಸಂಸಾರವಂದಿಗರು ಕೂತು ನೋಡುವ ಕಾರ್ಯಕ್ರಮ. ಹೀಗೆ ಬಿಟ್ಟರೆ ಆಗದು. ಇಂಗ್ಲೆಂಡಿನಲ್ಲಿ ಜೂನ್ 17ರಂದು ಪಂದ್ಯಗಳು ಮತ್ತೆ ಶುರುವಾದಾಗ ಸ್ಕೈ ವಾಹಿನಿಯವರು ಇಎ ಸ್ಪೋರ್ಟ್ಸ್ ಕಂಪನಿಯ ಫಿಫಾ ವಿಡಿಯೊ ಗೇಮಿನಿಂದ ಜನರ ಕೂಗನ್ನು ತಂದು ಪ್ರಸಾರಕ್ಕೆ ಬೆರೆಸಿದರು. ಬೇಡವಾದವರು ಸದ್ದಿಲ್ಲದ ಪ್ರಸಾರವನ್ನೂ ಆರಿಸಿಕೊಳ್ಳಬಹುದಿತ್ತು. ಇದರ ಸ್ವಾರಸ್ಯ ನೋಡಿ. ಗೇಮು ಅಸಲಿ ಪಂದ್ಯದಂತೆ ಕಾಣಲಿ ಎಂದು ಆ ಕಂಪನಿಯವರು ವರ್ಷಗಟ್ಟಲೆ ಅಸಲಿ ಕ್ರೀಡಾಂಗಣಗಳ ಕೂಗನ್ನು ಧ್ವನಿಮುದ್ರಿಸಿಕೊಂಡಿದ್ದರು. ಈಗ ಅಸಲಿ ಪಂದ್ಯ ಅಸಲಿಯಂತೆ ಕಾಣಲಿ ಎಂದು ಆ ಸಾಲವನ್ನು ಗೇಮಿನಿಂದಲೇ ವಸೂಲಿ ಮಾಡಲಾಯಿತು. ಬಡ್ಡಿ ಎಷ್ಟು ಬಂತೋ.

ನಮ್ಮ ಮನೆಯಲ್ಲಿ ಇದನ್ನು ಮೊದಲು ಪತ್ತೆಹಚ್ಚಿದ್ದು ಹೆಂಡತಿ. ಅವಳಿಗೆ ಫುಟ್‌ಬಾಲಿನಲ್ಲಿ ಆಸಕ್ತಿಯಿಲ್ಲ. ಹಾಗಾಗಿ ಟಿವಿಯಲ್ಲಿ ನಾವು ನೋಡದ್ದೆಲ್ಲ ಅವಳ ಕಣ್ಣಿಗೆ ಬೀಳುತ್ತದೆ.

“ಯಾರೂ ಇಲ್ವಲ್ರೀ, ಕೂಗ್ತಿರೋದು ಯಾರು?”

“ಅದು ಹಳೇ ಕೂಗು. ಈಗ ಹಾಕ್ತಿದಾರೆ.”

“ಹಳೇ ಕೂಗಿಗೆ ಈಗಿನ ಗೋಲು ಹೆಂಗೆ ಗೊತ್ತಾಗತ್ತೆ?”

ಇಡೀ ವಿಷಯದ ಗಂಟು ಇರುವುದು ಈ ಪ್ರಶ್ನೆಯಲ್ಲಿ. ಹಳೇ ಕೂಗಿಗೆ ಗೋಲು ಗೊತ್ತಾಗುವುದಿಲ್ಲ. ಎಲ್ಲೋ ಕೂತ ಒಬ್ಬ ಮನುಷ್ಯನಿಗೆ ಗೊತ್ತಾಗಬೇಕು. ಅವನ ಮುಂದೆ ಗುಂಡಿಗಳ ಸಾಲು. ಚೆಂಡು ಕಂಬಕ್ಕೆ ಬಡಿದರೆ ಒಂದು ಗುಂಡಿ, ಒಳಗೆ ಹೋದರೆ ಇನ್ನೊಂದು, ಅಡ್ಡಗಾಲು ಹಾಕಿದರೆ ಮತ್ತೊಂದು. ಅವನು ಎಷ್ಟೇ ಚುರುಕಾಗಿರಲಿ, ಕೂಗು ಒಂದು ಕ್ಷಣ ತಡ. ಮದುವೆಮನೆಯಲ್ಲಿ ಪುರೋಹಿತರು ಬೆರಳೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಅಂದಾಗ, ಡೋಲಿನವನು ಕಾಫಿ ಲೋಟ ಕೆಳಗಿಟ್ಟು ಕೋಲು ಎತ್ತುವಷ್ಟರಲ್ಲಿ ತಾಳಿಗೆ ಎರಡನೇ ಗಂಟೂ ಬಿದ್ದಿರುತ್ತದಲ್ಲ, ಅಷ್ಟು ತಡ. ನಿಜವಾದ ಜನ ಹಾಗಲ್ಲ. ಗೋಲಿಗೆ ಮುಂಚೆಯೇ ಕೂಗುತ್ತಾರೆ. ರೆಕ್ಕೆಯಂಚಿನ ಆಟಗಾರ ತಲೆಯೆತ್ತಿ ನೋಡಿದ, ನಡುವೆ ಒಂದು ಜಾಗ ತೆರೆಯಿತು ಎಂದರೆ ನಲವತ್ತು ಸಾವಿರ ಜನ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಾರೆ. ಆಟಗಾರನಿಗೇ ಇನ್ನೂ ಕಾಣದ ಪಾಸು ಗ್ಯಾಲರಿಗೆ ಕಂಡಿರುತ್ತದೆ. ಆ ಉಸಿರಿಗೆ ಗುಂಡಿ ಇಲ್ಲ.

ಆ ಜೂನ್ 17ರ ಮೊದಲ ಪಂದ್ಯವನ್ನೇ ತೆಗೆದುಕೊಳ್ಳಿ. ಆಸ್ಟನ್ ವಿಲ್ಲಾ ಮತ್ತು ಶೆಫೀಲ್ಡ್ ಯುನೈಟೆಡ್. ವಿಲ್ಲಾದ ಗೋಲಿ ನೈಲಾಂಡ್ ಫ್ರೀಕಿಕ್ ಹಿಡಿಯಲು ಹೋಗಿ, ಚೆಂಡನ್ನು ಅಪ್ಪಿಕೊಂಡು ಹಾಗೇ ಗೆರೆಯಾಚೆ ಕಾಲಿಟ್ಟ. ಟಿವಿ ನೋಡುತ್ತಿದ್ದ ಎಲ್ಲರಿಗೂ ಅದು ಗೋಲು. ಗೋಲು ಹೌದೋ ಅಲ್ಲವೋ ಹೇಳಬೇಕಾದ ಯಂತ್ರ ಮಾತ್ರ ರೆಫರಿಯ ಕೈಗಡಿಯಾರಕ್ಕೆ ಸುದ್ದಿಯನ್ನೇ ಕಳಿಸಲಿಲ್ಲ. ಕ್ಯಾಮೆರಾಗಳಿಗೆಲ್ಲ ಆಟಗಾರರು ಅಡ್ಡ ಬಂದಿದ್ದರಂತೆ. ಪಂದ್ಯ ಸೊನ್ನೆ–ಸೊನ್ನೆ ಡ್ರಾ. ಋತುವಿನ ಕೊನೆಗೆ ವಿಲ್ಲಾ ಒಂದೇ ಒಂದು ಅಂಕದ ಅಂತರದಲ್ಲಿ ಕೆಳಗಿನ ದರ್ಜೆಗೆ ಬೀಳುವುದರಿಂದ ಪಾರಾಯಿತು. ನೋಡಬೇಕಾದ ಯಂತ್ರ ಕಣ್ಣು ಮುಚ್ಚಿಕೊಂಡಿತ್ತು, ಕೂಗುವ ಯಂತ್ರ ತನ್ನಷ್ಟಕ್ಕೆ ಕೂಗುತ್ತಿತ್ತು. ಶೆಫೀಲ್ಡಿನಿಂದ ಎರಡು ಮೂರು ಸಾವಿರ ಜನ ಬಂದು ಆ ಗೋಲಿನ ಹಿಂದೆಯೇ ನಿಂತಿದ್ದರೆ ರೆಫರಿಯ ಮುತ್ತಜ್ಜನವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ವಿಡಿಯೊ ಗೇಮಿನ ಜನಕ್ಕೆ ಅಷ್ಟು ಸ್ವಾಭಿಮಾನ ಎಲ್ಲಿಂದ ಬರಬೇಕು?

ಟಿವಿಯಲ್ಲಿ ನಮಗೆ ಕೇಳುತ್ತಿದ್ದ ಆ ಗದ್ದಲ ಮೈದಾನದಲ್ಲಿ ಆಡುವವರಿಗೆ ಕೇಳುತ್ತಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಅದರ ಫಲ ಅಂಕಪಟ್ಟಿಯಲ್ಲೇ ಕಂಡಿತು. 2020–21ರ ಪ್ರೀಮಿಯರ್ ಲೀಗಿನಲ್ಲಿ ತವರಿನ ಗೆಲುವುಗಳಿಗಿಂತ ಹೊರಗಿನವರ ಗೆಲುವುಗಳೇ ಹೆಚ್ಚಾದವು. ತವರಿನಲ್ಲಿ ಸತತ 68 ಲೀಗ್ ಪಂದ್ಯ ಸೋಲದೆ ಮೆರೆದಿದ್ದ ಲಿವರ್‌ಪೂಲ್, ಖಾಲಿ ಆನ್‌ಫೀಲ್ಡಿನಲ್ಲಿ ಸಾಲಾಗಿ ಆರು ಸೋತಿತು. ಗಾಯಾಳುಗಳು ಬಹಳ ಇದ್ದರು, ನಿಜ. ಆದರೂ ಅಲ್ಲಿಯ ಅಭಿಮಾನಿಗಳು ‘ನೋಡಿದಿರಾ, ಆಡುತ್ತಿದ್ದವರು ನಾವೇ’ ಎಂದು ಎದೆ ತಟ್ಟಿಕೊಂಡರು. ಅವರ ಎದೆ, ಅವರ ಕೈ, ರಟ್ಟಂತೂ ಅಲ್ಲ.

ಸದ್ದು ಸಿಕ್ಕಿತು, ಮುಖ ಎಲ್ಲಿಂದ ತರುವುದು? ಜರ್ಮನಿಯ ಮ್ಯೋಂಚೆನ್‌ಗ್ಲಾಡ್‌ಬಾಖ್ ಕ್ಲಬ್ಬಿನವರು ಅಭಿಮಾನಿಗಳಿಂದ 19 ಯೂರೊ ಪಡೆದು ಅವರ ಫೋಟೊವನ್ನು ಆಳೆತ್ತರದ ರಟ್ಟಿಗೆ ಅಂಟಿಸಿ ಗ್ಯಾಲರಿಯಲ್ಲಿ ನಿಲ್ಲಿಸಿದರು. ಇಂಗ್ಲೆಂಡಿನ ಲೀಡ್ಸ್‌ನವರೂ ಹಾಗೇ ಮಾಡಹೋದರೆ, ಸಾವಿರಾರು ಮುಖಗಳ ನಡುವೆ ಒಸಾಮಾ ಬಿನ್ ಲಾದೆನ್ ಕೂಡ ತಣ್ಣಗೆ ಕೂತಿದ್ದ. ಅವನನ್ನು ಎಬ್ಬಿಸಿ ಕಳಿಸಬೇಕಾಯಿತು. ದಕ್ಷಿಣ ಕೊರಿಯಾದ ಎಫ್‌ಸಿ ಸೋಲ್ ಕ್ಲಬ್ಬಿನ ಪಾಡು ಇನ್ನೂ ಕಷ್ಟ. ಕುರ್ಚಿ ತುಂಬಲು ಗೊಂಬೆ ತರಿಸಿದರು. ಬಟ್ಟೆ ಅಂಗಡಿಯ ಗೊಂಬೆ ಎಂದು ಅವರು ತಿಳಿದಿದ್ದವು ನೋಡಿದರೆ ಬೇರೆಯೇ ಅಂಗಡಿಯವು. ಕ್ಲಬ್ಬು ಕ್ಷಮೆ ಕೇಳಿತು, ಹತ್ತು ಕೋಟಿ ವೋನ್ ದಂಡವನ್ನೂ ತೆತ್ತಿತು. ಇದನ್ನು ಹೆಂಡತಿಗೆ ವಿವರಿಸುವ ಸಾಹಸಕ್ಕೆ ನಾನು ಹೋಗಲಿಲ್ಲ.

ಇದಕ್ಕೆ ಸರಿಯಾಗಿ ಹತ್ತು ವರ್ಷ ಹಿಂದೆ ಇದೇ ತಂತ್ರಜ್ಞರು ಏನು ಮಾಡುತ್ತಿದ್ದರು ಗೊತ್ತೆ? ಕೂಗನ್ನು ಅಳಿಸುತ್ತಿದ್ದರು. 2010ರ ದಕ್ಷಿಣ ಆಫ್ರಿಕಾ ವಿಶ್ವಕಪ್ಪಿನಲ್ಲಿ ವುವುಜೆಲಾ ಎಂಬ ಪ್ಲಾಸ್ಟಿಕ್ ಕೊಂಬು ತೊಂಬತ್ತು ನಿಮಿಷವೂ ಒಂದೇ ಸ್ವರದಲ್ಲಿ ಗುಂಯ್ ಎನ್ನುತ್ತಿತ್ತು. ಆ ಒಂದು ಸ್ವರವನ್ನು ಸೋಸಿ ತೆಗೆಯಲು ಪ್ರಸಾರಕರು ಶೋಧಕಗಳನ್ನು ಹುಡುಕಿದರು. ವಿಶ್ವಕಪ್ ಮುಗಿದ ಮೇಲೆ ಯುರೋಪಿನ ಫುಟ್‌ಬಾಲ್ ಒಕ್ಕೂಟ ತನ್ನ ಪಂದ್ಯಗಳಿಗೆ ಅದನ್ನು ನಿಷೇಧಿಸಿಯೂ ಬಿಟ್ಟಿತು. ವುವುಜೆಲಾವನ್ನು ಯಾರೂ ಕುರ್ಚಿಯ ಮೇಲೆ ಇಟ್ಟುಹೋಗಿರಲಿಲ್ಲ. ಜನರೇ ಕೊಂಡು, ಜನರೇ ಹೊತ್ತು, ತಮ್ಮದೇ ಶ್ವಾಸಕೋಶದಿಂದ ಊದಿದ ಸದ್ದು. ಇದಕ್ಕಿಂತ ಅಸಲಿ ಬೇಕೆ? ಆದರೂ ಬೇಡವಾಯಿತು. ಹಾಗಾಗಿ ‘ನಮಗೆ ಸಹಜವಾದ ವಾತಾವರಣ ಬೇಕು’ ಎನ್ನುವವರ ಮಾತನ್ನು ನಾನು ಸ್ವಲ್ಪ ಉಪ್ಪು ಖಾರ ಸೇರಿಸಿಯೇ ನುಂಗುತ್ತೇನೆ. ಅವರಿಗೆ ಬೇಕಾದದ್ದು ತಮ್ಮ ಊರಿನ ಸಹಜ.

ಆ ಊರಿನ ಸಹಜವೂ ಎಲ್ಲಿಂದ ಬಂತು ಎಂದು ಕೆದಕಿದರೆ ತಮಾಷೆ. ಆನ್‌ಫೀಲ್ಡಿನಲ್ಲಿ ಪಂದ್ಯಕ್ಕೆ ಮುಂಚೆ ಕೆಂಪು ಶಾಲು ಎತ್ತಿ ಹಿಡಿದು ಹಾಡುವ ‘ಯೂ ವಿಲ್ ನೆವರ್ ವಾಕ್ ಅಲೋನ್’ಗಿಂತ ಪವಿತ್ರವಾದದ್ದು ಫುಟ್‌ಬಾಲ್ ಲೋಕದಲ್ಲಿ ಇಲ್ಲ. ನಮ್ಮ ಹುಡುಗನ ಕಣ್ಣೂ ಅದಕ್ಕೆ ತೇವವಾಗುತ್ತದೆ, ಅದು ಅವನ ತಂಡವಲ್ಲದಿದ್ದರೂ. ಆದರೆ ಆ ಹಾಡು 1945ರ ಒಂದು ಅಮೆರಿಕನ್ ಸಂಗೀತ ನಾಟಕದ್ದು. 1963ರಲ್ಲಿ ಲಿವರ್‌ಪೂಲಿನದೇ ಜೆರ‍್ರಿ ಅಂಡ್ ದ ಪೇಸ್‌ಮೇಕರ್ಸ್ ತಂಡ ಅದನ್ನು ಹಾಡಿ ಜನಪ್ರಿಯತೆಯ ಪಟ್ಟಿಯ ತುದಿಗೇರಿಸಿತು. ಆಗ ಆನ್‌ಫೀಲ್ಡಿನ ಸ್ಪೀಕರಿನಲ್ಲಿ ಪಂದ್ಯಕ್ಕೆ ಮುಂಚೆ ಆ ವಾರದ ಹತ್ತು ಜನಪ್ರಿಯ ಹಾಡು ಹಾಕುವ ಪದ್ಧತಿಯಿತ್ತು. ಅಂದರೆ, ಹೌದು, ಮೈಕಿನವನೇ! ಇಂದಿನ ದೂರುದಾರರು ಅಂದು ಇದ್ದಿದ್ದರೆ ‘ನಮಗೆ ಹಾಡು ತುರುಕಬೇಡಿ’ ಎಂದು ಸಹಿ ಸಂಗ್ರಹಿಸುತ್ತಿದ್ದರೋ ಏನೋ. ಆಮೇಲೆ ನಡೆದದ್ದು ಹೀಗೆ ಎನ್ನುತ್ತಾರೆ: ಹಾಡು ಪಟ್ಟಿಯಿಂದ ಕೆಳಗಿಳಿಯಿತು, ಸ್ಪೀಕರಿನವನು ಹಾಕುವುದನ್ನು ನಿಲ್ಲಿಸಿದ, ಕಾಪ್ ಗ್ಯಾಲರಿಯ ಜನ ಮಾತ್ರ ನಿಲ್ಲಿಸಲಿಲ್ಲ. ಇನ್ನೂ ನಿಲ್ಲಿಸಿಲ್ಲ.

ಐಸ್‌ಲ್ಯಾಂಡಿನವರ ಚಪ್ಪಾಳೆಯೂ ಇದೇ ಜಾತಿ. 2016ರ ಯೂರೊದಲ್ಲಿ ಕೈಯೆರಡೂ ಮೇಲೆತ್ತಿ, ಧಡ್ ಎಂದು ತಟ್ಟಿ, ‘ಹೂ’ ಎಂದು ಗುಡುಗಿದಾಗ ಸಾವಿರ ವರ್ಷದ ಹಿಂದಿನ ವೈಕಿಂಗ್ ಕಡಲ್ಗಳ್ಳರೇ ಎದ್ದು ಬಂದರೆಂದು ಜಗತ್ತು ಪುಳಕಗೊಂಡಿತು. ಅಲ್ಲಿಯ ಒಂದು ಕ್ಲಬ್ಬಿನ ಅಭಿಮಾನಿಗಳು ಅದನ್ನು ಸ್ಕಾಟ್ಲೆಂಡಿನ ಮದರ್‌ವೆಲ್‌ನವರಿಂದ ಎತ್ತಿಕೊಂಡದ್ದು 2014ರಲ್ಲಿ. ವೈಕಿಂಗರಿಗೆ ಇದರ ಗಂಧಗಾಳಿಯೂ ಇಲ್ಲ. ಅಲ್ಲಿಂದ ಅದು ನಮ್ಮ ಕಂಠೀರವ ಕ್ರೀಡಾಂಗಣಕ್ಕೂ ಬಂತು. ಬೆಂಗಳೂರು ಎಫ್‌ಸಿ ಗೆದ್ದಾಗ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗದ ಮುಂದೆ ಆಟಗಾರರು ಸಾಲಾಗಿ ನಿಂತು ಅದೇ ಚಪ್ಪಾಳೆ ತಟ್ಟುತ್ತಾರೆ. ಸ್ಕಾಟ್ಲೆಂಡಿನಿಂದ ಐಸ್‌ಲ್ಯಾಂಡ್, ಐಸ್‌ಲ್ಯಾಂಡಿನಿಂದ ಸಂಪಂಗಿರಾಮನಗರ. ಕಬ್ಬನ್ ಪಾರ್ಕಿನ ಬಾವಲಿಗಳಿಗೆ ಅದು ವೈಕಿಂಗರದೋ ಮದರ್‌ವೆಲ್‌ನವರದೋ ಎಂಬ ವ್ಯತ್ಯಾಸ ತಿಳಿಯದು.

ಅಸಲಿ ನಕಲಿಯ ಈ ಗೊಂದಲ ತುದಿ ಮುಟ್ಟಿದ್ದು 2022ರ ಕತಾರ್ ವಿಶ್ವಕಪ್ಪಿನಲ್ಲಿ. ಆತಿಥೇಯರ ಪಂದ್ಯದಲ್ಲಿ ಒಂದು ಗ್ಯಾಲರಿಯ ತುಂಬ ಕಡುಗೆಂಪು ಅಂಗಿಯವರು. ಹಾಡು ಗಟ್ಟಿ, ತಾಳ ಗಟ್ಟಿ, ಮೈಮೇಲೆ ಹಚ್ಚೆ. ಹಚ್ಚೆ ನೋಡಿದ ಪತ್ರಕರ್ತರಿಗೆ ಅನುಮಾನ ಬಂದು ವಿಚಾರಿಸಿದರೆ, ಬಹಳ ಮಂದಿ ಲೆಬನಾನಿನಿಂದ ಖರ್ಚುವೆಚ್ಚ ಕೊಟ್ಟು ಕರೆಸಿದವರು. ಅದಕ್ಕೆ ಸ್ವಲ್ಪ ಮುಂಚೆ ದೋಹಾದ ಬೀದಿಯಲ್ಲಿ ಇಂಗ್ಲೆಂಡ್, ಅರ್ಜೆಂಟೀನಾ, ಬ್ರೆಜಿಲ್ ಅಂಗಿ ತೊಟ್ಟು ಚೆಂಡೆ ಬಡಿದು ಕುಣಿದ ಇನ್ನೊಂದು ಗುಂಪಿತ್ತು. ಇವರನ್ನು ನೋಡಿ ಯುರೋಪಿನ ಪತ್ರಿಕೆಗಳೂ ಜಾಲತಾಣಿಗರೂ ‘ನಕಲಿ ಅಭಿಮಾನಿಗಳು’ ಎಂದು ಬೊಬ್ಬೆ ಹೊಡೆದರು. ಆ ಕುಣಿದವರಲ್ಲಿ ಬಹುಪಾಲು ಕೇರಳದವರು! ಕೋಯಿಕ್ಕೋಡ್ ಜಿಲ್ಲೆಯ ಪುಳ್ಳಾವೂರಿನಲ್ಲಿ ಅದೇ ದಿನಗಳಲ್ಲಿ ಹೊಳೆಯ ನಡುವೆ ಮೆಸ್ಸಿಯ ಕಟೌಟು ನಿಲ್ಲಿಸಿದ್ದರು, ಅದಕ್ಕೆ ಉತ್ತರವಾಗಿ ಬ್ರೆಜಿಲ್ ಪಕ್ಷದವರು ಇನ್ನೂ ಎತ್ತರದ ನೇಮರ್‌ನನ್ನು ಎಬ್ಬಿಸಿದ್ದರು. ಅಂಥ ಸೀಮೆಯವರನ್ನು ಹಿಡಿದು ‘ನಿಮಗೆ ಎಷ್ಟು ಕೊಟ್ಟರು’ ಎಂದು ಕೇಳುವುದೆ? ಮಲಯಾಳಿಗೆ ಬ್ರೆಜಿಲ್ ಸೋತರೆ ಊಟ ಸೇರುವುದಿಲ್ಲ ಎಂಬುದು ಲಂಡನ್ನಿನಲ್ಲಿ ಕೂತವರಿಗೆ ತಿಳಿಯಲಿಲ್ಲ. ಇಂಗ್ಲೆಂಡಿನ ಅಂಗಿ ತೊಟ್ಟವರ ವಿಷಯದಲ್ಲಿ ಮಾತ್ರ ನನಗೂ ಸ್ವಲ್ಪ ಅನುಮಾನವೇ. ಪುಗಸಟ್ಟೆ ಅಷ್ಟು ಸಂಕಟ ಯಾರು ಮೈಮೇಲೆ ಎಳೆದುಕೊಳ್ಳುತ್ತಾರೆ?

ಜರ್ಮನಿಯ ಗ್ಯಾಲರಿಗಳನ್ನು ಇಂಗ್ಲೆಂಡಿನವರು ಹೊಟ್ಟೆಕಿಚ್ಚಿನಿಂದ ನೋಡುತ್ತಾರೆ. ಡಾರ್ಟ್ಮಂಡಿನ ದಕ್ಷಿಣ ಗ್ಯಾಲರಿಯಲ್ಲಿ ಸುಮಾರು ಇಪ್ಪತ್ತೈದು ಸಾವಿರ ಜನ ನಿಂತು ಹಾಡುತ್ತಾರೆ. ಹಾಡಿಸುವವನೊಬ್ಬ ಮೆಗಾಫೋನ್ ಹಿಡಿದು ಮೈದಾನಕ್ಕೆ ಬೆನ್ನು ಹಾಕಿ ನಿಂತಿರುತ್ತಾನೆ. ದುಡ್ಡು ಕೊಟ್ಟು ಒಳಗೆ ಬಂದು, ಆಟ ನೋಡದೆ, ಆಟ ನೋಡುವವರನ್ನು ನೋಡುವ ಈ ಪುಣ್ಯಾತ್ಮನ ತ್ಯಾಗ ನನಗೆ ಅರ್ಥವಾಗಿಲ್ಲ. ‘ಅದೂ ಒಂದು ಬಗೆಯ ಕವಾಯತು, ಮೂರು ಗೋಲು ತಿಂದರೂ ಅದೇ ಹಾಡು’ ಎಂದು ನಮ್ಮ ಹುಡುಗನ ಗೆಳೆಯರು ಮೂಗು ಮುರಿಯುತ್ತಾರಂತೆ. ಆದರೆ ಆ ಕವಾಯತಿನವರೇ 2012ರ ಕೊನೆಯಲ್ಲಿ ಒಂದು ಕೆಲಸ ಮಾಡಿದರು. ಕ್ರೀಡಾಂಗಣಗಳಿಗೆ ಬಿಗಿಯಾದ ಭದ್ರತಾ ನಿಯಮ ತರುವ ಪ್ರಸ್ತಾವಕ್ಕೆ ವಿರೋಧವಾಗಿ, ದೇಶದ ಉದ್ದಗಲಕ್ಕೂ ಪಂದ್ಯದ ಮೊದಲ 12 ನಿಮಿಷ 12 ಸೆಕೆಂಡು ಬಾಯಿ ಮುಚ್ಚಿ ನಿಂತರು. ಪ್ರಸ್ತಾವ ಮತಕ್ಕೆ ಬರುವುದು ಡಿಸೆಂಬರ್ 12ಕ್ಕೆ ಇತ್ತು. ಹತ್ತಾರು ಸಾವಿರ ಜನ ತುಂಬಿದ ಕಡೆ ಚೆಂಡಿನ ಧಪ್ ಮಾತ್ರ. ಆಡಳಿತದವರಿಗೆ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಸ್ಪೀಕರು ಹೀಗೆ ಮುಷ್ಕರ ಹೂಡಲಾರದು. ರಟ್ಟಿಗೆ ಸಿಟ್ಟು ಬಾರದು. ಕ್ಲಬ್ಬಿನವರಿಗೆ ಅವುಗಳ ಮೇಲೆ ಅಷ್ಟು ಪ್ರೀತಿ ಇರುವುದು ಬಹುಶಃ ಅದಕ್ಕೇ.

ಬೈಯುವವರೂ ಇಲ್ಲದ ಕಷ್ಟ ಏನೆಂದು ತಿಳಿಯಬೇಕಾದರೆ ಸುನಿಲ್ ಛೆಟ್ರಿಯನ್ನು ಕೇಳಬೇಕು. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ಚೈನೀಸ್ ತೈಪೆಯನ್ನು 5–0ರಿಂದ ಬಡಿಯಿತು, ಛೆಟ್ರಿಯದೇ ಮೂರು ಗೋಲು. ನೋಡಲು ಬಂದವರು ಎರಡೂವರೆ ಸಾವಿರದಷ್ಟು. ಮರುದಿನ ನಾಯಕ ಒಂದು ವಿಡಿಯೊ ಮಾಡಿ ಕೈಮುಗಿದ: ಬನ್ನಿ, ಟೀಕಿಸಿ, ಬೇಕಾದರೆ ಬೈಯಿರಿ, ಆದರೆ ಕ್ರೀಡಾಂಗಣಕ್ಕೇ ಬಂದು ಬೈಯಿರಿ ಎಂದು. ಬೈಸಿಕೊಳ್ಳಲು ಹೀಗೆ ಅರ್ಜಿ ಹಾಕಿಕೊಂಡ ನಾಯಕ ಬೇರೆ ಯಾವ ದೇಶದಲ್ಲಿದ್ದಾನೋ ಕಾಣೆ. ಜೂನ್ 4ರ ಕೀನ್ಯಾ ಪಂದ್ಯದ ಟಿಕೆಟ್ಟುಗಳೆಲ್ಲ ಖರ್ಚಾದವು. ಅದು ಅವನ ನೂರನೇ ಪಂದ್ಯ. ಸುರಿವ ಮಳೆಯಲ್ಲಿ ಜನ ಕೂಗಿದರು, ಭಾರತ ಮೂರು ಗೋಲಿನಿಂದ ಗೆದ್ದಿತು, ಬೈಯುವ ಅವಕಾಶ ಯಾರಿಗೂ ಸಿಗಲಿಲ್ಲ.

ಆ ಅವಕಾಶ ಧಾರಾಳವಾಗಿ ಸಿಗುವುದು ನಮ್ಮ ಬಡಾವಣೆಯ ಟೂರ್ನಿಗಳಲ್ಲಿ. ಈಚೆಗೆ ಅಂಥದ್ದೊಂದಕ್ಕೆ ಹೋಗಿದ್ದೆ. ಶಾಮಿಯಾನದವರು ಕುರ್ಚಿಯ ಜೊತೆಗೆ ಡಿಜೆಯನ್ನೂ ಕೊಟ್ಟಿದ್ದರು. ಮೈದಾನದ ನಾಲ್ಕು ಮೂಲೆಗೂ ಆಳೆತ್ತರದ ಬಾಕ್ಸು. ಕಾರ್ನರ್ ಸಿಕ್ಕರೆ ಒಂದು ಹಾಡು, ಥ್ರೋ ಸಿಕ್ಕರೆ ಇನ್ನೊಂದು, ಯಾರಾದರೂ ಬಿದ್ದರೆ ಆಂಬುಲೆನ್ಸಿನ ಸದ್ದು. ನನ್ನ ಮುಂದಿನ ಸಾಲಿನಲ್ಲಿ ಆಸ್ಟಿನ್ ಟೌನಿನ ಹಿರಿಯರೊಬ್ಬರು, ಕಾರ್ಖಾನೆ ತಂಡದಲ್ಲಿ ಆಡಿ ನಿವೃತ್ತರಾದವರು, ಬಹಳ ಹೊತ್ತಿನಿಂದ ಚಡಪಡಿಸುತ್ತಿದ್ದರು. ಪೆನಾಲ್ಟಿ ಏರಿಯಾದಲ್ಲಿ ಚೆಂಡು ಎದ್ದು ಕಾಣುವಂತೆ ಒಬ್ಬನ ಕೈಗೆ ತಾಗಿತು, ರೆಫರಿ ಆಡಿ ಎಂದು ಕೈಬೀಸಿದ. ಹಿರಿಯರು ಧಡಕ್ಕನೆ ಎದ್ದು, ನರ ಉಬ್ಬಿಸಿ, ಜೀವಮಾನದ ವಿದ್ಯೆಯನ್ನೆಲ್ಲ ಒಂದೇ ವಾಕ್ಯಕ್ಕೆ ಸುರಿದರು. ಅದೇ ಕ್ಷಣಕ್ಕೆ ಡಿಜೆ ಹಾಡು ಹಾಕಿದ. ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಅವರು ಕುರ್ಚಿ ದಾಟಿ, ವೈರು ತುಳಿದು, ಸೀದಾ ಡಿಜೆಯ ಮೇಜಿಗೆ ನಡೆದರು.

“ಲೇ ತಮ್ಮ, ಅದನ್ನ ಒಂದ್ನಿಮಿಷ ಆಫ್ ಮಾಡಪ್ಪ. ನಾನೀಗ ರೆಫರಿಗೆ ಬೈದಿದ್ದು ಅವನಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಬೈಬೇಕು.”

ಹುಡುಗ ಆಫ್ ಮಾಡಿದ. ಇವರು ಮೈದಾನದ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರುಮಾಡಿದರು.